ಅಡಿವೆಪ್ಪನ ಚೌಕಾಸಿ ಕ್ಲಾಸು

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಬದನೆಕಾಯಿಗೆ ಚೌಕಾಸಿ ಮಾಡುತ್ತಲೇ ಮೀಸೆ ಬಲಿತ ಮನುಷ್ಯನನ್ನು ವರ್ಷಕ್ಕೊಮ್ಮೆ ಹಿಡಿದು ಕೂರಿಸಿ, ಚೌಕಾಸಿ ಮಾಡುವುದು ಹೇಗೆಂದು ಕಲಿಸುವುದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ? ಸಿಡ್ನಿಯ ಲಿವರ್‌ಪೂಲ್‌ನಲ್ಲಿ ಮನೆ ಮಾರುವ ಏಜೆಂಟ್ ಆಗಿದ್ದ ಅಡಿವೆಪ್ಪ ಈ ಪ್ರಶ್ನೆಯನ್ನು ಪ್ರತಿ ವರ್ಷ ಜನವರಿಯಿಂದ ಮಾರ್ಚ್ ತನಕ ಕೇಳುತ್ತಿದ್ದ. ಕೇಳುತ್ತಿದ್ದನೇ ಹೊರತು ಗಡುವು ಕತ್ತಿಗೆ ಬರುವ ತನಕ ಕ್ಲಾಸಿಗೆ ಕೂರುತ್ತಿರಲಿಲ್ಲ.

"ಮೀನಿಗೆ ಈಜು ಕಲಸಾಕ ಸರ್ಟಿಫಿಕೇಟ್ ಇದ್ದಂವ ಬರ್ತಾನಂತ," ಎಂದು ಅವನು ಊಟದ ಮೇಜಿನಲ್ಲಿ ಘೋಷಿಸುತ್ತಿದ್ದ.

"ಮೀನಿನ ಲೈಸೆನ್ಸು ವರ್ಷಕ್ಕೊಮ್ಮೆ ಮುಗಿಯೂದಿಲ್ಲ. ನಿಮ್ಮದು ಮುಗೀತೈತಿ," ಎಂದು ಹೆಂಡತಿ ಚಂದ್ರಪ್ರಭಾ ರೊಟ್ಟಿ ಹಾಕುತ್ತಿದ್ದಳು.

ಅಡಿವೆಪ್ಪ ಆಸ್ಟ್ರೇಲಿಯಾಕ್ಕೆ ಬಂದದ್ದು ಸಾಫ್ಟ್‌ವೇರ್ ಟೆಸ್ಟರ್ ಆಗಿ. ಅಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವ ಕೆಲಸ. ಅದರಲ್ಲಿ ಅವನು ನಿಪುಣನಾಗಿದ್ದ. ಆಮೇಲೆ ಬೇಸರ ಬಂದು ಅದನ್ನು ಬಿಟ್ಟು, ತಪ್ಪು ಮುಚ್ಚುವ ಕೆಲಸಕ್ಕೆ ಸೇರಿದ. (ಮುಚ್ಚುವುದು ಎಂದರೆ ಅವನಿಗೆ ಸಿಟ್ಟು ಬರುತ್ತದೆ. 'ಪ್ರೆಸೆಂಟ್ ಮಾಡೂದು' ಎನ್ನಬೇಕು.) ಇದರಲ್ಲೂ ಅವನು ಪಳಗಿದ. ಸೂರ್ಯನೇ ಇಣುಕದ ಅಡುಗೆಮನೆಯನ್ನು 'ಬೇಸಿಗೆಯಲ್ಲಿ ಸ್ವರ್ಗ' ಎಂದೂ, ರೈಲು ಹಳಿಗೆ ಅಂಟಿಕೊಂಡ ಮನೆಯನ್ನು 'ಸಾರಿಗೆಗೆ ಹತ್ತಿರ' ಎಂದೂ ಮಾರಿದ ಖ್ಯಾತಿ ಅವನದು. ಇಷ್ಟೆಲ್ಲ ಮಾಡಿಯೂ ಅವನ ಸಂಸಾರ ಮಾತ್ರ ಬಾಡಿಗೆ ಮನೆಯಲ್ಲಿತ್ತು. "ನಾವೂ ಒಂದು ತಗೊಳೂಣ್ರೀ" ಎಂದು ಚಂದ್ರಪ್ರಭಾ ಬಾಯಿ ತೆರೆದಾಗಲೆಲ್ಲ, "ಮಾರ್ಕೆಟ್ ಮ್ಯಾಲೈತಿ, ಇಳೀಲಿ, ಕಾಯೂಣು" ಎಂದು ಅವನು ಗ್ರಾಫು ತೋರಿಸುತ್ತಿದ್ದ. ಒಂಬತ್ತು ವರ್ಷದಿಂದ ಅವನು ಹೆಂಡತಿಯ ಎದುರು ಗೆದ್ದಿದ್ದ ಏಕೈಕ ವಾದ ಅದು. ಉಳಿದದ್ದರಲ್ಲೆಲ್ಲ ಅವಳದೇ ಕೈ ಮೇಲು.

ಈ ಸಲ ಚಂದ್ರಪ್ರಭಾ ತರಬೇತಿಯ ವಿಷಯವನ್ನು ಮೊದಲೇ ನೆನಪಿಸಿದ್ದಳು. ಒಂದು ಭಾನುವಾರ ಕ್ರಿಕೆಟ್ ಮ್ಯಾಚು ಬಂತು. ಇನ್ನೊಂದು ಭಾನುವಾರ ಬಿಸಿಲಿತ್ತು. ಮತ್ತೊಂದು ಭಾನುವಾರ ಬಿಸಿಲಿರಲಿಲ್ಲ. ಕೊನೆಗೆ ಅವಳು, "ಕ್ಲಾಸು ಆತೇನ್ರಿ?" ಎಂದು ಬಾಗಿಲಿಗೆ ಅಡ್ಡ ನಿಂತು ಕೇಳಿದಾಗ ಅವನು "ಆತು" ಎಂದುಬಿಟ್ಟ. ಕ್ಲಾಸಿಗೆ ಸೇರಬೇಕೆಂಬ ತೀರ್ಮಾನ ಆಗಿತ್ತು ಎಂಬ ಅರ್ಥದಲ್ಲಿ ಅದು ಪೂರ್ತಿ ಸುಳ್ಳೇನಲ್ಲ.

ಗುರುವಾರ ಆಫೀಸಿನ ಮ್ಯಾನೇಜರ್ ಅವನ ಮೇಜಿನ ಹತ್ತಿರ ಬಂದು ನಿಂತಳು. ತರಬೇತಿ ಮುಗಿಸದೆ ಲೈಸೆನ್ಸ್ ರಿನ್ಯೂ ಆಗುವುದಿಲ್ಲ, ರಿನ್ಯೂ ಆಗದೆ ಯಾವ ಮನೆಯ ಕಾಗದಕ್ಕೂ ಸಹಿ ಮಾಡುವಂತಿಲ್ಲ, ಗಡುವು ಈ ವಾರಾಂತ್ಯ ಎಂದಳು. ಸೋಮವಾರ ಲಿವರ್‌ಪೂಲ್‌ನ ರಾಜಣ್ಣ ತಮ್ಮ ಮನೆ ಮಾರುವ ಕೆಲಸವನ್ನು ಅವನಿಗೆ ಒಪ್ಪಿಸಿ ಸಹಿ ಹಾಕುವವರಿದ್ದರು. ಆ ಸಹಿಗಾಗಿ ಅವನು ರಾಜಣ್ಣನ ಮನೆಯ ಸಕ್ಕರೆ ಪಾಕದಂಥ ಚಹಾ ಎರಡು ವರ್ಷ ಕುಡಿದಿದ್ದ, ಅವರ ಮೊಣಕಾಲು ನೋವಿನ ಇತಿಹಾಸವನ್ನು ಬಾಲಕಾಂಡದಿಂದ ಕೇಳಿದ್ದ. ಅಂಥ ಮನೆ ಕೈಬಿಡುವುದೇ? ಕಂಪ್ಯೂಟರ್ ತೆರೆದು ಹುಡುಕಿದರೆ ಆನ್‌ಲೈನ್ ಕ್ಲಾಸುಗಳೆಲ್ಲ ಭರ್ತಿ. (ಅಡಿವೆಪ್ಪನಂಥವರು ಊರ ತುಂಬ ಇದ್ದರು.) ಒಂದರಲ್ಲಿ ಮಾತ್ರ ಒಂದು ಜಾಗ ಉಳಿದಿತ್ತು: ಶನಿವಾರ ಬೆಳಿಗ್ಗೆ, ವಿಷಯ 'ಸಂಧಾನ ಕೌಶಲ'. ಕ್ಯಾಮೆರಾ ಕಡ್ಡಾಯ.

ಸೀಟು ಬುಕ್ ಮಾಡಿದ ಮೇಲೆ ನೆನಪಾಯಿತು. ಶನಿವಾರ ಬೆಳಿಗ್ಗೆ ಮೆಲ್ಬರ್ನಿನ ವೆರಿಬೀಯಲ್ಲಿ ಚಂದ್ರಪ್ರಭಾಳ ತಮ್ಮ ಅಭಿನವನ ಗೃಹಪ್ರವೇಶ.

ವಿಮಾನದಲ್ಲಿ ಚಂದ್ರಪ್ರಭಾ ಬೆಲ್ಟು ಬಿಗಿದುಕೊಂಡು ಗಂಡನನ್ನೂ ಬಿಗಿದಳು. "ಇದು ನನ್ನ ತವರುಮನಿ ಕಾರ್ಯ. ಅಲ್ಲಿ ನೀವು ಅಳಿಯಾ, ಏಜೆಂಟ್ ಅಲ್ಲ. ಕಳದ ವರ್ಷ ಪ್ಯಾರಮಟ್ಟಾದಾಗ ತೊಟ್ಟಿಲಕ್ಕ ಕೂಸು ಹಾಕೂ ಹೊತ್ತಿನ್ಯಾಗ ನಿಂತು, ಈ ಮನಿ ಎಷ್ಟಕ್ಕ ಹೋಗ್ತೈತಿ ಅಂತ ಹೇಳಾಕತ್ತಿದ್ರಿ. ಈ ಸಲ ಲ್ಯಾಪ್‌ಟಾಪು, ವಿಸಿಟಿಂಗ್ ಕಾರ್ಡು ಏನರ ಕಂಡ್ರ ನೋಡ್ರಿ."

"ಛೇ, ಲ್ಯಾಪ್‌ಟಾಪ್ ಯಾಕ ತರ್ಲಿ," ಎಂದ ಅಡಿವೆಪ್ಪ. ಲ್ಯಾಪ್‌ಟಾಪು ಬ್ಯಾಗಿನೊಳಗೆ ಅವನ ಪಂಚೆಗಳ ನಡುವೆ ಬೆಕ್ಕಿನ ಹೊಟ್ಟೆಯಡಿಯ ಮರಿಯಂತೆ ಬೆಚ್ಚಗೆ ಮಲಗಿತ್ತು. ಅವನ ಪಕ್ಕ ಕೂತಿದ್ದ ಮಗಳು ಸಿಂಚನಾ ಕಿವಿಯಿಂದ ಇಯರ್‌ಫೋನ್ ತೆಗೆದು, "ಅಪ್ಪಾ, ಯು ಆರ್ ಸ್ವೆಟಿಂಗ್," ಎಂದು ಹೇಳಿ ಮತ್ತೆ ಹಾಕಿಕೊಂಡಳು.

ಅಭಿನವನ ಮನೆ ಹೊಚ್ಚ ಹೊಸದು, ಮಹಡಿ ಮನೆ, ಪೇಂಟಿನ ವಾಸನೆ ಇನ್ನೂ ಆರಿರಲಿಲ್ಲ. ಅಭಿನವ ಶುಕ್ರವಾರ ಸಂಜೆಯೇ ಎಲ್ಲರನ್ನೂ ಕರೆದುಕೊಂಡು ಮನೆಯ ಒಂದೊಂದು ಸ್ವಿಚ್ಚನ್ನೂ ಹಾಕಿ ಆರಿಸಿ ತೋರಿಸಿದ. ನಲ್ಲಿ ತಿರುಗಿಸಿದ, ಬಿಸಿನೀರು ಬಂತು, ಅದನ್ನೂ ಎಲ್ಲರೂ ಮುಟ್ಟಬೇಕಾಯಿತು. ಧೂಪ ಹಾಕಿದಾಗ ಕೂಗಿಕೊಳ್ಳದಿರಲೆಂದು ಹೊಗೆ ಅಲಾರಂಗಳಿಗೆಲ್ಲ ಸ್ನಾನದ ಟೋಪಿ ತೊಡಿಸಿದ್ದ. ಎಲ್ಲ ಆದ ಮೇಲೆ ಅಡಿವೆಪ್ಪನ ಕೈ ಹಿಡಿದು, "ಮಾಮಾ, ನೀವು ಇಷ್ಟ ಮನಿ ನೋಡಿರಿ. ನಮ್ಮ ಮನಿಗೆ ಒಂದು ಹೆಸರು ಇಡ್ರಿ. ನಾಳೆ ಪೂಜಾ ಮುಗದ ಮ್ಯಾಲ ಎಲ್ಲಾರ ಮುಂದ ಹೇಳ್ರಿ," ಎಂದ. ಅವನ ಕಣ್ಣುಗಳು ಹೊಳೆಯುತ್ತಿದ್ದವು. ಆ ಮನೆಗಾಗಿ ಅವನು, ಹೆಂಡತಿ ನೇತ್ರಾ ಇಬ್ಬರೂ ಐದು ವರ್ಷ ಹೊರಗೆ ಊಟ ಮಾಡಿರಲಿಲ್ಲ.

"ಇಟ್ಟೆ ತಿಳ್ಕೊ," ಎಂದ ಅಡಿವೆಪ್ಪ. ಅವನ ಕಣ್ಣು ಮಾತ್ರ ಬಾಗಿಲು ಮುಚ್ಚಿದರೆ ಸದ್ದು ಬಾರದ ಒಂದು ಕೋಣೆಗಾಗಿ ಅಲೆಯುತ್ತಿತ್ತು.

ಶನಿವಾರ ಬೆಳಿಗ್ಗೆ ಮನೆ ತುಂಬ ಜನ. ವಾರವೆಲ್ಲ ಕಂಪ್ಯೂಟರಿನಲ್ಲಿ ಅಂಕಿ-ಸಂಖ್ಯೆ ನೋಡಿ ಶನಿವಾರ ಮಾತ್ರ ರುದ್ರ ಹೇಳುವ ಅಯ್ಯನವರು ಬಂದು ಹಾಲ್‌ನಲ್ಲಿ ಕೂತರು. ಅಡುಗೆಮನೆಯಲ್ಲಿ ಬೆಳಗಾವಿಯಿಂದ ಬಂದಿದ್ದ ಅತ್ತೆ ಶಿವಲಿಂಗವ್ವನ ಮೇಲ್ವಿಚಾರಣೆಯಲ್ಲಿ ಹೂರಣ ರುಬ್ಬುವ ಕೆಲಸ ನಡೆದಿತ್ತು. ಕೆಳಗಿನ ಕೋಣೆಗಳಲ್ಲಿ ಚಪ್ಪಲಿ ಬಿಟ್ಟ ಮಕ್ಕಳು, ಮೇಲಿನ ಕೋಣೆಗಳಲ್ಲಿ ಸೀರೆ ಉಡುವ ಹೆಂಗಸರು. ಖಾಲಿಯಿದ್ದದ್ದು ಒಂದೇ. ಎಂಟು ತಿಂಗಳ ಕೂಸು ಅದ್ವಿಕ್ ಮಲಗುವ ಕೋಣೆ.

ನೇತ್ರಾ ಕೂಸನ್ನು ತೊಡೆಯ ಮೇಲೆ ತಟ್ಟುತ್ತ, "ನಾ ಪೂಜಾಕ್ಕ ಕೂಡಬೇಕು. ಇವನ ನಿದ್ದಿ ಟೈಮಿದು. ಮ್ಯಾಲ ಯಾರರ ಒಬ್ರು ಇದ್ರ ಚಲೋ ಇತ್ತು," ಎಂದು ಗೊಣಗಿದಾಗ ಅಡಿವೆಪ್ಪನಿಗೆ ಜ್ಞಾನೋದಯವಾಯಿತು.

"ನೀ ಕೂಡು ತಂಗಿ. ಕೂಸಿನ್ನ ನಾ ನೋಡ್ಕೋತೇನಿ."

ಶಿವಲಿಂಗವ್ವನ ಕಣ್ಣಲ್ಲಿ ನೀರು ಬಂತು. "ನೋಡ್ರವಾ, ಅಳಿಯಾ ಅಂದ್ರ ಹಿಂಗಿರಬೇಕು," ಎಂದು ಅವಳು ಸೌಟು ಹಿಡಿದೇ ಸಾರಿದಳು. ಸ್ವಂತ ಮಗಳ ಡೈಪರನ್ನು ದೂರದಿಂದ ಟಾರ್ಚು ಬಿಟ್ಟು ನೋಡುತ್ತಿದ್ದ ಗಂಡನ ಈ ಮಹಾತ್ಯಾಗವನ್ನು ಚಂದ್ರಪ್ರಭಾ ಕಣ್ಣು ಕಿರಿದು ಮಾಡಿ ನೋಡಿದಳು. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷಿಸುವ ಅವಳಿಗೆ ಯಾವುದನ್ನೂ ಎರಡು ಸಲ ನೋಡದೆ ನಂಬುವ ಅಭ್ಯಾಸವಿಲ್ಲ. ಆದರೆ ಅಯ್ಯನವರು ಕರೆದರು, ಹೋಗಬೇಕಾಯಿತು.

"ಸೋ ಸ್ವೀಟ್ ಮಾಮಾ," ಎಂದಳು ನೇತ್ರಾ. "ಅಂಜಬ್ಯಾಡ್ರಿ, ಮಾನಿಟರ್ ಆನ್ ಐತಿ..."

ಮುಂದಿನ ಮಾತು ಕೇಳಲು ಅಡಿವೆಪ್ಪ ಅಲ್ಲಿರಲಿಲ್ಲ. ಒಂದು ಕೈಯಲ್ಲಿ ಕೂಸು, ಶಾಲಿನೊಳಗೆ ಕೋಟು ಸುತ್ತಿದ ಲ್ಯಾಪ್‌ಟಾಪು, ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತಿದ್ದ.

ಕೂಸನ್ನು ಮಲಗಿಸಿದ. ದೇವರು ದೊಡ್ಡವನು, ಅದು ತಕ್ಷಣ ನಿದ್ದೆ ಹೋಯಿತು. ಪಂಚೆಯ ಮೇಲೆಯೇ ಕೋಟು ಹಾಕಿ ಟೈ ಕಟ್ಟಿದ. ಕ್ಯಾಮೆರಾಕ್ಕೆ ಕಾಣುವುದು ಸೊಂಟದ ಮೇಲಿನದಷ್ಟೇ. ಗೋಡೆಯ ಶೆಲ್ಫಿನ ಮೇಲೆ ಮೊಟ್ಟೆಯಂಥ ಬಿಳಿ ವಸ್ತುವೊಂದು ಹಸಿರು ದೀಪ ಮಿಣುಕಿಸುತ್ತ ಕೂತಿತ್ತು. ಅದೊಂದು ಚಂದದ ನೈಟ್‌ಲ್ಯಾಂಪು ಎಂದುಕೊಂಡು ಅವನು ಲ್ಯಾಪ್‌ಟಾಪನ್ನು ಅದರ ಪಕ್ಕದಲ್ಲೇ ಇಟ್ಟ. ಅದು ನೇತ್ರಾ ಹೇಳಿದ ಮಾನಿಟರ್, ಕೋಣೆಯ ಉಸಿರಾಟವನ್ನೂ ಬಿಡದೆ ಕೇಳಿಸಿಕೊಂಡು ಇನ್ನೊಂದು ಕಡೆ ಉಸುರುವ ಯಂತ್ರ. ಅದರ ಜೋಡಿ ಪೆಟ್ಟಿಗೆ ಕೆಳಗೆ ಹಾಲ್‌ನಲ್ಲಿ, ನೇತ್ರಾಳ ಮೊಣಕಾಲ ಬಳಿ, ಅಯ್ಯನವರ ರುದ್ರದ ನಡುವೆಯೂ ಕೂಸಿನ ದನಿ ಕೇಳಲೆಂದು ಪೂರ್ತಿ ಜೋರು ಮಾಡಿಟ್ಟು ಕೂತಿತ್ತು.

ಕ್ಲಾಸು ಶುರುವಾಯಿತು. ಕಿವಿಗೆ ಇಯರ್‌ಫೋನು, ಬಾಯಿಗೆ ಬೀಗ. ಹಾಗಾಗಿ ಮೊದಲ ಭಾಗ ನಿರ್ವಿಘ್ನವಾಗಿ ಸಾಗಿತು. ಕಲಿಸುತ್ತಿದ್ದವಳು ಬ್ರೆಂಡಾ ಎಂಬ ಬೆಳ್ಳಿಗೂದಲಿನ ಹೆಂಗಸು. ಯಾರ ಮುಖ ತೆರೆಯಿಂದ ಮಾಯವಾಗುತ್ತದೋ ಅವರ ಹಾಜರಿಯೂ ಮಾಯವಾಗುತ್ತದೆಂದು ನಗುತ್ತಲೇ ಹೇಳಿದಳು. ಅವಳು ಹೇಳುತ್ತ ಹೋದಂತೆ ಅಡಿವೆಪ್ಪನಿಗೆ ಆಶ್ಚರ್ಯವಾಗತೊಡಗಿತು. ಪಾಠ ಚೆನ್ನಾಗಿತ್ತು. ಎದುರಿನವರಿಗೆ ನಿಜವಾಗಿ ಬೇಕಾದದ್ದು ಏನು ಎಂದು ಮೊದಲು ಕೇಳಬೇಕಂತೆ. ದುರ್ಗದಬೈಲಿನಲ್ಲಿ ಯಾರೂ ಅದನ್ನು ಹೇಳಿಕೊಟ್ಟಿರಲಿಲ್ಲ. ಅವನು ಮುಂದಕ್ಕೆ ಬಾಗಿ ಕೂತ.

ಆಮೇಲೆ ಬ್ರೆಂಡಾ ಇಬ್ಬಿಬ್ಬರ ಜೋಡಿ ಮಾಡಿದಳು. ಒಬ್ಬ ಕೊಳ್ಳುವವನ ಕಡೆ, ಒಬ್ಬ ಮಾರುವವನ ಕಡೆ. ಆಮೇಲೆ ಅದಲು ಬದಲು. "ನೀವು ಈಚೆಗೆ ಕಣ್ಣಾರೆ ಕಂಡ ಒಂದು ಮನೆಯನ್ನು ಇಟ್ಟುಕೊಂಡು ಮಾತಾಡಿ. ಆಗ ಜೀವ ಬರುತ್ತದೆ," ಎಂದಳು. ಅಡಿವೆಪ್ಪನಿಗೆ ಸಿಕ್ಕವನು ಪೆನ್ರಿತ್‌ನ ಡ್ಯಾರೆನ್. ಅಡಿವೆಪ್ಪ ಕೊಳ್ಳುವವನ ಕಡೆಯವನು. ಕಣ್ಣಾರೆ ಕಂಡ ಮನೆ ಬೇಕೆಂದರೆ ಹುಡುಕಿಕೊಂಡು ಹೋಗಬೇಕೇ? ಅವನು ಕೂತಿದ್ದೇ ಅದರೊಳಗೆ.

ಕೂಸು ಏಳಬಾರದೆಂದು ಅವನು ಪಿಸುಗುಟ್ಟಿದ. ಡ್ಯಾರೆನ್ ಕಿವಿಗೆ ಕೈ ಇಟ್ಟು, "ಏನೂ ಕೇಳ್ತಿಲ್ಲ ಗೆಳೆಯಾ, ಸ್ವಲ್ಪ ಜೋರಾಗಿ," ಎಂದ. ಅಡಿವೆಪ್ಪ ದನಿ ಏರಿಸಿದ. ಏರಿದ ದನಿಗೆ ಹುರುಪು ಸೇರಿತು. ಟೆಸ್ಟರ್ ಆಗಿದ್ದ ಕಾಲದ ರಕ್ತ ಅವನ ಮೈಯಲ್ಲಿ ಮತ್ತೆ ಹರಿಯಿತು. (ಮಾತೆಲ್ಲ ನಡೆದದ್ದು ಹುಬ್ಬಳ್ಳಿ ಇಂಗ್ಲಿಷಿನಲ್ಲಿ. ಅದರ ಸೊಗಸು ಕನ್ನಡಕ್ಕೆ ಪೂರ್ತಿ ಬಾರದು.)

"ಮನೆ ನೋಡಿದೆ ಸ್ವಾಮಿ. ಬಾಗಿಲು ತೆರೆದರೆ ಎದುರಿಗೇ ಮೆಟ್ಟಿಲು. ಲಕ್ಷ್ಮಿ ಒಳಗೆ ಬಂದವಳು ಕೂರುವುದಕ್ಕೂ ಮೊದಲೇ ಜಾರಿ ಹೊರಗೆ ಹೋಗುತ್ತಾಳೆ. ಅಡುಗೆಮನೆಯ ಕಲ್ಲು ಕಲ್ಲಲ್ಲ, ಕಲ್ಲಿನ ಚಿತ್ರ. ಹಿತ್ತಲು ಎಷ್ಟಿದೆಯೆಂದರೆ, ಬಟ್ಟೆ ಒಣಗಿಸುವ ತಂತಿ ಎಳೆದು ಕಟ್ಟಿದರೆ ನಮ್ಮ ಬನಿಯನ್ನು ಪಕ್ಕದವರ ಹಿತ್ತಲಿನಲ್ಲಿ ಒಣಗುತ್ತದೆ. ಥಿಯೇಟರ್ ರೂಮ್ ಎಂದು ತೋರಿಸಿದರಲ್ಲ, ಅದಕ್ಕೆ ಕಿಟಕಿಯೇ ಇಲ್ಲ. ಅದನ್ನು ನಮ್ಮ ಕಡೆ ಗೋದಾಮು ಅಂತೀವಿ."

"ಆದರೆ ಬಿಲ್ಡರ್ ಒಳ್ಳೆಯವನು," ಎಂದು ಡ್ಯಾರೆನ್ ಕ್ಷೀಣವಾಗಿ ಎದುರಾಡಿದ.

"ಬಿಲ್ಡರ್ ಬುದ್ಧಿವಂತ ಎನ್ನಿ. ಮಾಲೀಕ ಮೊದಲ ಸಲ ಮನೆ ಕೊಂಡವನು, ಪಾಪ. ತೋರಿಸಿದ ಕಡೆಗೆಲ್ಲ ತಲೆ ಆಡಿಸಿದ್ದಾನೆ. ನನ್ನನ್ನು ಒಂದು ಮಾತು ಕೇಳಿದ್ದರೆ ಈ ಮನೆಯ ಮುಂದೆ ಕಾರು ಕೂಡ ನಿಲ್ಲಿಸಬೇಡ ಅಂತಿದ್ದೆ."

ಡ್ಯಾರೆನ್ ಶರಣಾಗಿ ಬೆಲೆ ಇಳಿಸಿದ. ಅಡಿವೆಪ್ಪ ಟೈ ಸರಿಮಾಡಿಕೊಂಡ. ಇಷ್ಟು ಸಂತೋಷ ಅವನಿಗೆ ಬಹಳ ದಿನದ ಮೇಲೆ ಆಗಿತ್ತು.

ಅದೇ ಹೊತ್ತಿಗೆ ಕೆಳಗೆ ನಡೆದದ್ದನ್ನು ಅವನು ಆಮೇಲೆ ಮಗಳ ಬಾಯಿಂದ ಕೇಳಿ ತಿಳಿದ. ಅಯ್ಯನವರು ಮಂತ್ರ ಮುಗಿಸಿ ಉಸಿರೆಳೆದುಕೊಳ್ಳುವಾಗ ಎಲ್ಲಿಂದಲೋ ಗಂಡಸಿನ ದನಿ ಕೇಳಿತಂತೆ. ಶಿವಲಿಂಗವ್ವ ಅಶರೀರವಾಣಿ ಎಂದುಕೊಂಡು ಸೂರಿಗೆ ಕೈ ಮುಗಿದಳಂತೆ. ಅದು ಇಂಗ್ಲಿಷಿನಲ್ಲಿ ಇದ್ದದ್ದು ಅವಳಿಗೆ ವಿಚಿತ್ರವೇನೂ ಅನ್ನಿಸಲಿಲ್ಲ, ದೇಶಕ್ಕೆ ತಕ್ಕ ದೇವರು. "ಏನ್ ಹೇಳಾಕತ್ತಾನ?" ಎಂದು ಮೊಮ್ಮಗಳನ್ನು ಕೇಳಿದಳು. ಸಿಂಚನಾ ಸತ್ಯವಂತೆ. "ಅಜ್ಜೀ, ಇಟ್ಸ್ ಅಪ್ಪಾ. ಮನಿ ಚಲೋ ಇಲ್ಲ. ಸ್ಟೇರ್ಸ್ ಬ್ಯಾಡ್. ಅಭಿ ಅಂಕಲ್ ಪಾಪ," ಎಂದು ಒಂದೊಂದನ್ನೂ ತಪ್ಪದೆ ಒಪ್ಪಿಸಿದಳು. ಬಂದವರೆಲ್ಲ ಒಮ್ಮೆ ಮೆಟ್ಟಿಲನ್ನು, ಒಮ್ಮೆ ಅಡುಗೆಮನೆಯ ಕಲ್ಲನ್ನು ತಿರುಗಿ ನೋಡಿದರು. ಒಬ್ಬರು ಹೋಗಿ ಕಲ್ಲನ್ನು ಉಗುರಿನಿಂದ ಕೆರೆದೂ ನೋಡಿದರಂತೆ. ನೇತ್ರಾ ಮಾನಿಟರನ್ನು ಪಟ್ಟೆಂದು ಆರಿಸಿದಳು. ಅಭಿನವ ಕೈಯಲ್ಲಿದ್ದ ಬಿಲ್ವಪತ್ರೆಯನ್ನು ಹಾಗೇ ಹಿಡಿದು ಕೂತ.

ಚಂದ್ರಪ್ರಭಾ ಎದ್ದಳು.

ಮೇಲೆ ಅದಲು ಬದಲಾಗಿತ್ತು. ಈಗ ಅಡಿವೆಪ್ಪ ಮಾರುವವನ ಕಡೆ. ಅದೇ ಮನೆ, ಅದೇ ಬಾಯಿ, ಭಾಷೆ ಮಾತ್ರ ಬೇರೆ. "ಬಾಗಿಲು ತೆರೆದರೆ ಮೆಟ್ಟಿಲು ತಾನಾಗಿ ಎದ್ದುಬಂದು ನಿಮ್ಮನ್ನು ಸ್ವಾಗತಿಸುತ್ತದೆ. ಅರಮನೆಯಲ್ಲಿ ಹೀಗೆ ಇರುತ್ತದೆ, ನೋಡಿ. ಹಿತ್ತಲು ಚಿಕ್ಕದು, ಹಾಗಾಗಿ ಭಾನುವಾರ ಹುಲ್ಲು ಕತ್ತರಿಸುವ ಶಿಕ್ಷೆ ಇಲ್ಲ. ಬೆಲೆ ಇಳಿಯಲಿ ಅಂತ ಕಾಯುತ್ತೀರಾ? ಕಾಯಿರಿ. ಕಾಯುತ್ತ ಬಾಡಿಗೆ ಕಟ್ಟುವವನು ಇನ್ನೊಬ್ಬನ ಗೋಡೆಗೆ ಇಟ್ಟಿಗೆ ಹೊರುವ ಕತ್ತೆ. ಕೊಳ್ಳುವುದಕ್ಕೆ ಒಳ್ಳೆಯ ದಿನ ಎಂದರೆ ಇವತ್ತು."

ಬಾಗಿಲು ತೆರೆದಿತ್ತು. ಚಂದ್ರಪ್ರಭಾ ಸಿಡಿಯಲೆಂದೇ ಬಂದಿದ್ದಳು. ಅರಮನೆಯ ಮಾತು ಕಿವಿಗೆ ಬಿದ್ದದ್ದೇ ನಿಂತುಬಿಟ್ಟಳು. ಇಡೀ ಭಾಷಣವನ್ನು ಕೊನೆಯ ತನಕ ಕೇಳಿದಳು. ಅವಳನ್ನು ಮೊದಲು ಕಂಡವನು ಡ್ಯಾರೆನ್. "ಗೆಳೆಯಾ, ನಿನ್ನ ಹಿಂದೆ ಯಾರೋ ಇದ್ದಾರೆ. ಖುಷಿಯಾಗಿರುವ ಹಾಗೆ ಕಾಣ್ತಿಲ್ಲ," ಎಂದ.

ಅದೇ ಕ್ಷಣಕ್ಕೆ ಬ್ರೆಂಡಾ ಎಲ್ಲ ಜೋಡಿಗಳನ್ನೂ ಕರೆದು ಒಂದೇ ತೆರೆಗೆ ತಂದಳು. ಅಡಿವೆಪ್ಪನ ಬಾಯಿಗೆ ಬೀಗ ಬಿದ್ದಿರಲಿಲ್ಲ, ಕೋಣೆಯ ಮಾತೆಲ್ಲ ಇಡೀ ಕ್ಲಾಸಿಗೆ ಕೇಳುತ್ತಿತ್ತು.

"ಕೂಸಿನ್ನ ನೋಡ್ಕೊಳ್ಳೂದಂದ್ರ ಇದೇನ್ರಿ?"

"ಪ್ರಭಾ, ಸಾವಕಾಶ ಮಾತಾಡು. ಕ್ಲಾಸ್ ನಡದೈತಿ."

"ಕ್ಲಾಸು ಆತು ಅಂದಿದ್ರಿ?"

"ಆಗಾಕತ್ತೈತಿ."

"ಕೆಳಗ ಬರ್ರಿ. ಮೂವತ್ತು ಮಂದಿ ಮುಂದ ನನ್ನ ತಮ್ಮನ ಮರ್ಯಾದಿ ಹರಾಜು ಹಾಕೀರಿ. ಆ ಬಿಳೀದು ಏನಂತ ತಿಳಿದಿರಿ ನೀವು?"

"ನೈಟ್‌ಲ್ಯಾಂಪು."

"ಮೈಕು ರೀ ಅದು."

ಅಡಿವೆಪ್ಪನ ಕಾಲಡಿಯ ನೆಲ ಕುಸಿಯಿತು. (ನೆಲ ಹೊಸದು, ಅದರ ತಪ್ಪಲ್ಲ.) ಇಷ್ಟರಲ್ಲಿ ಕೂಸು ಎದ್ದು ಕಿಟಾರನೆ ಕಿರುಚಿತು. ಕೋಣೆಯ ತುಂಬ ಒಂದು ವಾಸನೆಯೂ ಹರಡಿತು. ಚಂದ್ರಪ್ರಭಾ ಕೈ ಕಟ್ಟಿಕೊಂಡು ನಿಂತಳು. "ನೋಡ್ಕೋತೇನಿ ಅಂದ್ರೆಲ್ಲಾ. ನೋಡ್ಕೋರಿ."

ಎದ್ದು ಹೋದರೆ ಮುಖ ಮಾಯ, ಮುಖದ ಜೊತೆ ಹಾಜರಿ, ಲೈಸೆನ್ಸು, ರಾಜಣ್ಣ ಎಲ್ಲವೂ ಮಾಯ. ಅಡಿವೆಪ್ಪ ಕೂಸನ್ನು ಕ್ಯಾಮೆರಾದ ಮುಂದಕ್ಕೇ ತಂದು ಮಲಗಿಸಿದ. ಕತ್ತನ್ನು ತೆರೆಯೊಳಗೆ ಉಳಿಸಿಕೊಂಡು, ಕೈಗಳನ್ನು ಮಾತ್ರ ರಣರಂಗಕ್ಕೆ ಕಳಿಸಿದ. ಟೈ ಒಮ್ಮೆ ತಪ್ಪಿ ಹೋಗಬಾರದ ಕಡೆಗೆ ಹೋಗಿ ಬಂತು. ಸಿಡ್ನಿಯ ಉದ್ದಗಲದ ಏಜೆಂಟರೆಲ್ಲ ಉಸಿರು ಬಿಗಿಹಿಡಿದು ನೋಡಿದರು. ಹಳೆಯ ಡೈಪರ್ ಕಳಚಿ ಹೊಸದು ಅಂಟಿದಾಗ ಡ್ಯಾರೆನ್ ಚಪ್ಪಾಳೆ ಹೊಡೆದ. ಉಳಿದವರೂ ಹೊಡೆದರು. ಬ್ರೆಂಡಾ ಕಣ್ಣೊರೆಸಿಕೊಳ್ಳುತ್ತ, ಈ ಮನುಷ್ಯ ಒಂದು ಕ್ಷಣವೂ ಕ್ಲಾಸಿನಿಂದ ಮುಖ ತಿರುಗಿಸಲಿಲ್ಲ, ಇವನ ಹಾಜರಿ ಪೂರ್ತಿ ಎಂದು ಎಲ್ಲರ ಮುಂದೆ ಸಾರಿದಳು.

ಲೈಸೆನ್ಸು ಉಳಿಯಿತು. ಮಾನ ಮಾತ್ರ ಕೆಳಗಿನ ಮಹಡಿಯಲ್ಲಿ ಬಾಕಿ ಇತ್ತು.

ಅಭಿನವ ಗ್ಯಾರೇಜಿನಲ್ಲಿ ಪೇಂಟಿನ ಡಬ್ಬಿಯ ಮೇಲೆ ಕೂತಿದ್ದ. ಊಟಕ್ಕೆ ಕರೆದರೆ ಬರುತ್ತಿರಲಿಲ್ಲ. ಅಡಿವೆಪ್ಪ ಪಕ್ಕದಲ್ಲಿ ಇನ್ನೊಂದು ಡಬ್ಬಿ ಎಳೆದುಕೊಂಡು ಕೂತ. ಬಾಯಿ ತೆರೆದರೆ ಅದು ವ್ಯಾಪಾರ ಶುರು ಮಾಡುತ್ತದೆಂಬ ಹೆದರಿಕೆಯಿಂದ ಸುಮ್ಮನಿದ್ದ.

"ಮನಿಗೆ ಹೆಸರಿಡ್ರಿ ಮಾಮಾ ಅಂತ ಕೇಳಿದ್ನಿ," ಎಂದ ಅಭಿನವ ಕೊನೆಗೆ. "ಹಿಂಗ ಹೆಸರಿಡ್ತೀರಿ ಅಂತ ಗೊತ್ತಿರಲಿಲ್ಲ." (ಹುಬ್ಬಳ್ಳಿ ಕಡೆ ಹೆಸರಿಡುವುದೆಂದರೆ ತಪ್ಪು ಎತ್ತಿ ಆಡುವುದೂ ಹೌದು.)

"ಅದು ಕ್ಲಾಸಿನ್ಯಾಗಿನ ಮಾತು ಅಭಿ. ನಾಟಕ."

"ನಾಟಕ ಇರಬಹುದು. ಆದ್ರ ನೀವು ಹೇಳಿದ್ದರಾಗ ಸುಳ್ಳು ಯಾವುದು? ಮೆಟ್ಟಿಲು ನನಗೂ ಮನಸ್ಸಿಗೆ ಬಂದಿರಲಿಲ್ಲ. ಬಿಲ್ಡರ್‌ಗೆ ಕೇಳಾಕ ನಾಚಿಕಿ ಆತು. ಮೊದಲ ಸಲ ನೋಡ್ರಿ, ಏನ್ ಕೇಳಬೇಕು ಅನ್ನೂದ ಗೊತ್ತಾಗಲಿಲ್ಲ."

ಅಡಿವೆಪ್ಪನ ಬೆಳಗಿನ ಹುರುಪೆಲ್ಲ ಇಳಿಯಿತು. ನೂರು ಮನೆಗಳಿಗೆ ಹೋಗಿ ಬಂದ ಅವನು ಒಂದು ಮನೆ ಕೊಂಡವನ ಮುಂದೆ ಕೂತಿದ್ದ. "ಕೇಳಿಲ್ಲಿ," ಎಂದ. "ಕೊಂಡ ಮನಿಗೆ ನಾಕು ಮಂದಿ ಹೆಸರಿಡ್ತಾರ. ನನಗ ಯಾರೂ ಇಡಂಗಿಲ್ಲ. ಯಾಕಂದ್ರ ಇಡಾಕ ನಂದೊಂದು ಮನೀನ ಇಲ್ಲ. ನಿನಗಿದ್ದ ಧೈರ್ಯಾ ನನಗ ಇಲ್ಲ, ಅಷ್ಟ." ಆಮೇಲೆ ಬ್ರೆಂಡಾಳ ಪಾಠ ನೆನಪಾಗಿ, "ಈಗ ನಿನಗ ಏನ್ ಬೇಕು ಹೇಳು," ಎಂದು ಕೇಳಿದ.

"ಎಲ್ಲಾರೂ ಕೇಳ್ಯಾರ. ಎಲ್ಲಾರ ಮುಂದ ಹೇಳ್ರಿ. ಮನಿ ಚಲೋ ಐತಿ ಅಂತ."

ಅಡಿವೆಪ್ಪ ಎದ್ದು ನಿಂತ. ಇಂಥ ಗಿರಾಕಿ ಅವನಿಗೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ.

ಹಾಲ್‌ನಲ್ಲಿ ಊಟ ನಡೆದಿತ್ತು. ಅವನು ಮೆಟ್ಟಿಲಿನ ಮೂರನೆಯ ಹಂತ ಹತ್ತಿ ನಿಂತು, ಮೇಲೆ ಕೋಟು, ಕೆಳಗೆ ಪಂಚೆ, ಗಂಟಲು ಸರಿಮಾಡಿಕೊಂಡ. ಬೆಳಿಗ್ಗೆ ಕೇಳಿದ್ದು ಕ್ಲಾಸಿನ ನಾಟಕವೆಂದೂ, ಈಗ ಕೇಳುವುದು ತನ್ನ ಮಾತೆಂದೂ ಹೇಳಿದ. ಈ ಮೆಟ್ಟಿಲಿಲ್ಲದಿದ್ದರೆ ತಾನು ಎಲ್ಲಿ ನಿಲ್ಲುತ್ತಿದ್ದೆ ಎಂದು ಕೇಳಿದ. ಈ ಅಡುಗೆಮನೆಯಲ್ಲಿ ಅತ್ತೆಯ ಕೈಯ ಹೋಳಿಗೆ ಬೆಂದ ಮೇಲೆ ಕಲ್ಲು ಯಾವುದಾದರೇನು ಎಂದ. ಶಿವಲಿಂಗವ್ವ ಸೆರಗಿನಿಂದ ಕಣ್ಣೊರೆಸಿದಳು. ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದ ಮೇಲೆ ಅಡಿವೆಪ್ಪ ನಿಲ್ಲುವ ಜಾತಿಯಲ್ಲ. "ನಾ ಇಷ್ಟ ವರ್ಷದಾಗ ನೋಡಿದ್ದು ಒಂದ ಮಾತು. ಕಾಯೂದು ಹುಚ್ಚುತನ. ನನ್ನ ಕೈಲೆ ಆಗೂಹಂಗಿದ್ರ ಇದ ಓಣಿಯೊಳಗ, ಇದ ನಮೂನಿ ಮನಿ, ಇವತ್ತ ತಗೋತಿದ್ದೆ," ಎಂದು ಕೈ ಎತ್ತಿ ಮುಗಿಸಿದ. ಮನೆಗೆ 'ನೆಮ್ಮದಿ' ಎಂದು ಹೆಸರಿಟ್ಟ. ಅಭಿನವ ಬಂದು ಅಪ್ಪಿಕೊಂಡ.

ಚಂದ್ರಪ್ರಭಾ ಗಂಡನ ತಟ್ಟೆಗೆ ಎರಡನೆಯ ಹೋಳಿಗೆ ಹಾಕಿ, ಅದರ ಮೇಲೆ ತುಪ್ಪ ಸುರಿದಳು. ಮಡುವಾಗುವಷ್ಟು ಸುರಿದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅಷ್ಟು ತುಪ್ಪ ಬಿದ್ದಾಗಲೆಲ್ಲ ಏನಾಗಿತ್ತೆಂದು ಅಡಿವೆಪ್ಪ ಯೋಚಿಸಬೇಕಿತ್ತು. ಅವನು ಹೋಳಿಗೆ ತಿಂದ.

ಭಾನುವಾರ ಬೆಳಿಗ್ಗೆ ಅವಲಕ್ಕಿ ತಿನ್ನುವಾಗ ವಿಷಯ ಬಂತು. ಪಕ್ಕದ ಮನೆ. ಅದೇ ನಮೂನೆ, ಕನ್ನಡಿಯಲ್ಲಿ ಕಂಡಂತೆ. ಅದರ ಮುದುಕ ಕೆವಿನ್ ಮನೆ ಮಾರುವವನಿದ್ದಾನೆ, ಇನ್ನೂ ಯಾವ ಏಜೆಂಟನಿಗೂ ಹೇಳಿಲ್ಲ ಎಂದಳು ನೇತ್ರಾ. ವೆರಿಬೀಯ ಆಸ್ಪತ್ರೆಯಲ್ಲಿ ಲ್ಯಾಬಿನವರು ಬೇಕಾಗಿದ್ದಾರಂತೆ ಎಂದಳು ಚಂದ್ರಪ್ರಭಾ. ಮಗಳ ಪಕ್ಕದಲ್ಲೇ ಮಗಳಿದ್ದರೆ ತಾನು ಊರಿಗೆ ಹೋಗುವಾಗ ಅಳುವುದು ಕಡಿಮೆಯಾಗುತ್ತದೆ ಎಂದಳು ಶಿವಲಿಂಗವ್ವ. (ಮಗನ ಪಕ್ಕದಲ್ಲಿ ಎನ್ನಬೇಕಿತ್ತು. ಆನಂದದಲ್ಲಿ ಲೆಕ್ಕ ತಪ್ಪಿತು.) ಮೂವರೂ ಅಡಿವೆಪ್ಪನನ್ನು ನೋಡಿದರು.

"ಅಲ್ಲಾ, ನಾವು ಸಿಡ್ನಿಯವರು," ಎಂದ ಅವನು.

"ಬಾಡಿಗಿ ಮನಿಯವರು," ಎಂದಳು ಚಂದ್ರಪ್ರಭಾ.

"ಬಾಗಿಲದ ಎದುರಿಗೆ ಮೆಟ್ಟಿಲು ಐತಲ್ಲೇ."

"ಅರಮನಿಯೊಳಗ ಹಂಗ ಇರ್ತೈತಿ."

"ಹಿತ್ತಲಾ ಸಣ್ಣದು."

"ಹುಲ್ಲು ಕತ್ತರಿಸೂ ಶಿಕ್ಷಾ ಇಲ್ಲ."

"ಮಾರ್ಕೆಟ್ ಇಳೀಲಿ ಪ್ರಭಾ, ಸ್ವಲ್ಪ ಕಾಯೂಣು."

"ಕತ್ತಿ," ಎಂದಳು ಅವಳು ಅವಲಕ್ಕಿಗೆ ನಿಂಬೆಹುಳಿ ಹಿಂಡುತ್ತ. "ಇಟ್ಟಂಗಿ ಹೊರೂದು. ನೀವ ಅಂದಿದ್ದು. ಅಂವ ಯಾವನೋ ಡ್ಯಾರೆನ್ ಸಾಕ್ಷಿ ಅದಾನ."

"ನನ್ನ ಲೈಸೆನ್ಸು ಸಿಡ್ನೀದು. ಇಲ್ಲೆ ಕಾಯ್ದೆ ಬ್ಯಾರೆ. ಮತ್ತ ಮೊದಲಿಂದ ಓದಬೇಕಾಗ್ತೈತಿ."

"ರಾಜಣ್ಣನವರ ಮನಿ ಮಾರಿ ಬರ್ರಿ, ಆಮ್ಯಾಲ ಓದ್ರಿ. ಓದಾಕ ನಿಮಗ ಎಷ್ಟ ಉಮೇದಿ ಐತಿ ಅಂತ ನಿನ್ನೆ ಎಲ್ಲಾರೂ ನೋಡ್ಯಾರ."

ಸಿಂಚನಾ ಫೋನಿನಿಂದ ತಲೆ ಎತ್ತದೆ, "ಐ ವೋಟ್ ಎಸ್," ಎಂದಳು.

ಎಲ್ಲ ದಿಕ್ಕೂ ಮುಚ್ಚಿದಾಗ ಅಡಿವೆಪ್ಪನಿಗೆ ಒಂದು ಅದ್ಭುತ ಉಪಾಯ ಹೊಳೆಯಿತು. ಆಗಲಿ, ಹೋಗಿ ಮಾತಾಡೋಣ. ಮಾತಾಡುವವನು ತಾನೇ ತಾನೆ? ಯಾವ ಸ್ವಾಭಿಮಾನಿಯೂ ಒಪ್ಪದಂಥ ಬೆಲೆ ಕೇಳಿದರಾಯಿತು. ಕೆವಿನ್ ಉಗಿದು ಕಳಿಸುತ್ತಾನೆ. ತಾನು ಜೋಲುಮುಖ ಹಾಕಿಕೊಂಡು ಬಂದು, "ನಾ ಪ್ರಯತ್ನಾ ಮಾಡ್ದೆ, ಅಂವ ಒಪ್ಪಲಿಲ್ಲ," ಎನ್ನಬಹುದು. ಸಂಜೆಯ ವಿಮಾನಕ್ಕೆ ಸಿಡ್ನಿ.

ಅವನು ಹುರುಪಿನಿಂದ ಹಿತ್ತಲಿಗೆ ನಡೆದ. ಬೇಲಿಯ ಆಚೆ ಕೆವಿನ್ ಗುಲಾಬಿಗೆ ನೀರು ಬಿಡುತ್ತಿದ್ದ. ಅಡುಗೆಮನೆಯ ಕಿಟಕಿಯಲ್ಲಿ ಮೂರು ತಲೆಗಳು ಸಾಲಾಗಿ ಮೂಡಿದವು. ಅಡಿವೆಪ್ಪ ಬೇಲಿಗೆ ಮೊಣಕೈ ಊರಿ ಶುರು ಮಾಡಿದ. ಮೆಟ್ಟಿಲು ಎಂದ, ಲಕ್ಷ್ಮಿ ಎಂದ, ಬನಿಯನ್ನು ಎಂದ, ಗೋದಾಮು ಎಂದ. ಹೇಳುತ್ತ ಹೇಳುತ್ತ ಅವನಿಗೆ ಮೈಮರೆತು ಹೋಯಿತು. ನಿನ್ನೆಗಿಂತ ಇವತ್ತು ಮಾತು ಹರಿತವಾಗಿತ್ತು, ನಡುವೆ ಎಲ್ಲಿ ನಿಲ್ಲಿಸಬೇಕು, ಎಲ್ಲಿ ನಿಟ್ಟುಸಿರು ಬಿಡಬೇಕು ಎಲ್ಲವೂ ತಾನಾಗಿ ಬರುತ್ತಿತ್ತು. ಕೊನೆಗೆ ಅವನು ಒಂದು ಬೆಲೆ ಹೇಳಿದ. ಹೇಳುವಾಗ ಅವನಿಗೇ ನಾಚಿಕೆಯಾಯಿತು. ನಾಯಿಗೂಡಿಗೂ ಸಾಲದ ಬೆಲೆ.

ಕೆವಿನ್ ನಲ್ಲಿ ನಿಲ್ಲಿಸಿದ. ಗುಲಾಬಿಯನ್ನು ನೋಡಿದ, ಸೂರನ್ನು ನೋಡಿದ. ಅಡಿವೆಪ್ಪ ಉಗಿಸಿಕೊಳ್ಳಲು ಮುಖವನ್ನು ಸಿದ್ಧ ಮಾಡಿಕೊಂಡ.

"ನನ್ನ ಮಗಳು ಕ್ವೀನ್ಸ್‌ಲ್ಯಾಂಡಿಗೆ ಬಾ ಬಾ ಅಂತಿದಾಳೆ," ಎಂದ ಮುದುಕ. "ಈ ಏಜೆಂಟರು, ಹರಾಜು, ವಾರವಾರ ಮನೆ ತೊಳೆದು ಜನಕ್ಕೆ ತೋರಿಸೋದು, ಆ ರಗಳೆ ನನಗೆ ಬೇಡ. ನಿನ್ನೆ ಮೆಟ್ಟಿಲ ಮೇಲೆ ನಿಂತು ಮಾತಾಡ್ತಿದ್ದದ್ದು ಕಿಟಕಿಯಲ್ಲಿ ಕಾಣ್ತು, ನೀನೇ ತಾನೆ? ಭಾಷೆ ತಿಳಿಯಲಿಲ್ಲ, ಆದರೆ ಈ ನಮೂನೆ ಮನೆ ನಿನಗೆ ಎಷ್ಟು ಇಷ್ಟ ಅಂತ ಬೇಲಿ ತನಕ ಕೇಳ್ತು." ಅವನು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿ ಬೇಲಿಯ ಮೇಲಿಂದ ಚಾಚಿದ. "ಆಗಲಿ. ನಾಳೆ ನನ್ನ ವಕೀಲರಿಗೆ ಹೇಳ್ತೀನಿ."

ಅಡಿವೆಪ್ಪ ಆ ಕೈಯನ್ನು ನೋಡಿದ. ಬೇಲಿಯನ್ನು ನೋಡಿದ. ಹಾರುವಷ್ಟು ಕುಳ್ಳಗಿತ್ತು, ಆದರೆ ಒಂದು ಕಡೆ ಹೆಂಡತಿಯ ತವರು, ಇನ್ನೊಂದು ಕಡೆ ಈಗ ತನ್ನದೇ ಮನೆ ಎಂದು ಹೊಳೆದು ಕೈ ಕುಲುಕಿದ.

ಹಿಂದೆ ಕಿಟಕಿಯ ಗಾಜು ಸರಿಯಿತು.

"ಎಷ್ಟ ಚಲೋ ಕಲಸ್ಯಾರ್ರೀ ಆ ಕ್ಲಾಸಿನ್ಯಾಗ," ಎಂದಳು ಚಂದ್ರಪ್ರಭಾ.